ಮೊದಲ ತುತ್ತು

ಸೊಲ್ಲಾಪುರ ರಸ್ತೆಯಲ್ಲಿರುವ ಸೌಭಾಗ್ಯಳ ಖಾನಾವಳಿಯಲ್ಲಿ ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಒಂದು ಸಣ್ಣ ಕಾರ್ಯಕ್ರಮವಿರುತ್ತದೆ. ಹೊಸಬರು ಬಾಯಿ ಬಿಟ್ಟು ನೋಡುತ್ತಾರೆ, ಹಳಬರು ಬೇಗ ಮುಗಿಯಲಿ ಎಂದು ಹೊಟ್ಟೆ ಸವರಿಕೊಳ್ಳುತ್ತಾರೆ. ಸೌಭಾಗ್ಯ ಒಳಗಿನಿಂದ ಒಂದು ತಾಟು ಹಿಡಿದು ಬರುತ್ತಾಳೆ. ಅದರಲ್ಲಿ ಆಗ ತಾನೇ ಹಂಚಿನಿಂದ ಇಳಿದ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ, ಒಂದು ಚೂರು ಉಳ್ಳಾಗಡ್ಡಿ. ಬಾಗಿಲಿಗೆ ಎದುರಾಗಿ, ಎಲ್ಲರಿಗೂ ಕಾಣುವ ಹಾಗೆ ಮಣೆಯ ಮೇಲೆ ಕೂತು ಒಂದೊಂದರಲ್ಲೂ ಒಂದೊಂದು ತುತ್ತು ತಿನ್ನುತ್ತಾಳೆ. ಅವಸರವಿಲ್ಲದೆ ಅಗಿದು, ನೀರು ಕುಡಿದು, ಆಮೇಲೆ "ಕೂಡ್ರಿ" ಎನ್ನುತ್ತಾಳೆ. ಅಲ್ಲಿಯವರೆಗೆ ಎಂಥ ದೊಡ್ಡ ಸಾಹೇಬರು ಬಂದರೂ ಅವರ ಮುಂದೆ ತಾಟು ಬೀಳುವುದಿಲ್ಲ. ಸಂಕ್ರಾಂತಿಯಿಂದ ಈಚೆಗೆ ಮೊಣಕಾಲು ನೋವೆಂದು ಮಣೆ ಹೋಗಿ ಪ್ಲಾಸ್ಟಿಕ್ ಕುರ್ಚಿ ಬಂದಿದೆ, ಅಷ್ಟೇ ವ್ಯತ್ಯಾಸ.

ಇದು ಯಾಕೆಂದು ಕೇಳಿದವರಿಗೆಲ್ಲ ಗಲ್ಲಾದಲ್ಲಿ ಕೂಡುವ ಗಂಡ ಚಂದ್ರಕಾಂತ ಒಂದೊಂದು ಕಾರಣ ಹೇಳುತ್ತಾನೆ. ಲಾರಿ ಡ್ರೈವರುಗಳಿಗೆ "ಹರಕಿ ಹೊತ್ತಾಳ್ರಿ" ಎನ್ನುತ್ತಾನೆ. ಗೋಳಗುಮ್ಮಟ ನೋಡಿ ಹಸಿದು ಬಂದ ಪ್ರವಾಸಿಗರಿಗೆ, "ಇದು ಆದಿಲಶಾಹಿ ಪದ್ಧತಿ ನೋಡ್ರಿ, ಬಾದಶಹಾನ ಅಡಗಿ ಹಿಂಗ ಮೊದಲ ರುಚಿ ನೋಡತಿದ್ರು" ಎಂದು ಗಂಭೀರವಾಗಿ ಬಿಡುತ್ತಾನೆ. ಸುಳ್ಳು ಹೇಳುವುದರಲ್ಲಿ ಅವನದು ಎತ್ತಿದ ಕೈ. ಗುಟ್ಟು ಉಳಿಸಿಕೊಳ್ಳುವುದರಲ್ಲಿ ಮಾತ್ರ ಅಷ್ಟಕ್ಕಷ್ಟೇ.

ನಿಜವಾದ ಕಾರಣ ಸೌಭಾಗ್ಯಳ ಮುತ್ತಜ್ಜಿ ಗುರುಸಿದ್ದವ್ವ. ನೂರು ವರ್ಷದ ಹಿಂದೆ ಬಬಲೇಶ್ವರದಲ್ಲಿ, ಹತ್ತಿ ಗಾಡಿಗಳು ತಂಗುವ ಬಯಲಿನ ಪಕ್ಕ ಅವಳದೊಂದು ಖಾನಾವಳಿ ಇತ್ತು. ನಾಲ್ಕು ವರ್ಷದಲ್ಲಿ ಅವಳ ಕೈಯಿಂದ ಉಂಡ ಆರು ಮಂದಿ ಅಲ್ಲೇ ಸತ್ತರು. ಆರನೆಯವನ ಅಣ್ಣ ಫೌಜದಾರನನ್ನು ಕರೆತಂದಾಗಲೇ ಗೊತ್ತಾದದ್ದು, ಅವಳು ಮದಗುಣಕಿ, ಅಂದರೆ ದತ್ತೂರಿಯ ಬೀಜ ಕುಟ್ಟಿ ಹಿಂಡಿಯಲ್ಲಿ ಬೆರೆಸುತ್ತಿದ್ದಳೆಂದು. ಗುರುಸಿದ್ದವ್ವ ಜೈಲಿನಲ್ಲೇ ಸತ್ತಳು. ಅಲ್ಲಿ ಅವಳನ್ನು ಅಡುಗೆಮನೆಗೂ ಬಿಡಲಿಲ್ಲ, ದವಾಖಾನೆಗೂ ಬಿಡಲಿಲ್ಲ, ಬೀಸುವ ಕಲ್ಲಿಗೆ ಹಚ್ಚಿದ್ದರಂತೆ. ಬಂಗಾರದ ಆಸೆಗೆ ಕೊಂದಳು ಎಂದು ಊರು ಹೇಳಿತು, ಮನೆಯವರೂ ಅದನ್ನೇ ನಂಬಿದರು.

ಅವಳ ಮಗಳು ದುಂಡವ್ವ, ಅಂದರೆ ಸೌಭಾಗ್ಯಳ ಅಜ್ಜಿ, ಗಟ್ಟಿಗಿತ್ತಿ. ಬೆಳೆದು ದೊಡ್ಡವಳಾದ ಮೇಲೆ ವಿಜಯಪುರಕ್ಕೆ ಬಂದು ಮತ್ತೆ ಖಾನಾವಳಿಯನ್ನೇ ಹಾಕಿದಳು. ವಿಷ ಹಾಕಿದವಳ ಮಗಳ ಕೈಯಲ್ಲಿ ಯಾರು ಉಣ್ಣುತ್ತಾರೆ? ಮೊದಲ ವಾರ ಒಬ್ಬನೂ ಒಳಗೆ ಬರಲಿಲ್ಲ. ಎಂಟನೆಯ ದಿನ ದುಂಡವ್ವ ತಾಟು ಹಿಡಿದು ಬಾಗಿಲಲ್ಲಿ ಕೂತು, ಬೀದಿಗೆ ಮುಖ ಮಾಡಿ ತಾನೇ ಉಂಡಳು. ಅಂದಿನಿಂದ ಆ ಮನೆಯ ಹೆಂಗಸರಿಗೆ ಎರಡು ನೇಮ. ಮೊದಲ ತುತ್ತು ಅಡುಗೆ ಮಾಡಿದವಳ ಬಾಯಿಗೆ. ಒಲೆಯ ಮುಂದೆ ಕೂಡುವಾಗ ತಾಳಿಯ ಗುಂಡು ಬಿಟ್ಟು ಮೈಮೇಲೆ ಬಂಗಾರ ಇರಕೂಡದು. ಬಂಗಾರ ಕಂಡರೆ ಮುತ್ತಜ್ಜಿಯ ರಕ್ತ ಎಲ್ಲಿ ಕುದಿಯುತ್ತದೋ ಎಂಬ ಹೆದರಿಕೆ. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಸೌಭಾಗ್ಯಳಿಗೆ ಸವಟಿನ ಜೊತೆ ಈ ಎರಡು ನೇಮಗಳೂ ಬಂದವು. ಮೂವತ್ತು ವರ್ಷದಲ್ಲಿ ಅವಳು ಒಂದು ದಿನವೂ ತಪ್ಪಿಸಿಲ್ಲ.

ಹಾಗೆಂದು ಸೌಭಾಗ್ಯ ಹೆದರಿ ಹೆದರಿ ಬದುಕಿದವಳಲ್ಲ. ನಮ್ಮ ಸೌಭಾಗ್ಯ ಸುಖಜೀವಿ. ರೊಟ್ಟಿ ಬಡಿಯುವ ಸದ್ದು, ಒಗ್ಗರಣೆಯ ವಾಸನೆ, "ಅವ್ವಾ, ಇನ್ನೊಂದು ರೊಟ್ಟಿ ಹಾಕು ಬೇ" ಎಂದು ನಾಲ್ಕು ಕಡೆಯಿಂದ ಬರುವ ಕೂಗು, ಇಷ್ಟಿದ್ದರೆ ಅವಳಿಗೆ ಬೇರೆ ಏನೂ ಬೇಡ. ಅರವತ್ತು ವರ್ಷದ ಡ್ರೈವರನೂ ಅವಳನ್ನು ಅವ್ವ ಎನ್ನುತ್ತಾನೆ, ಅವಳು ಅಷ್ಟೇ ಧಾರಾಳವಾಗಿ "ಓ" ಎನ್ನುತ್ತಾಳೆ. ಹಾಸ್ಟೆಲಿನ ಹುಡುಗರಿಗೆ ಜ್ವರ ಬಂತೆಂದರೆ ಮುಗಿಯಿತು. ಗಂಜಿ ಹೋಗುತ್ತದೆ, ಮೆಣಸಿನ ಸಾರು ಹೋಗುತ್ತದೆ, ಹಿಂದಿನಿಂದ ಸೌಭಾಗ್ಯಳೇ ಹೋಗುತ್ತಾಳೆ. ಆರಾಮಿದ್ದವರಿಗಿಂತ ಆರಾಮಿಲ್ಲದವರ ಮೇಲೆ ಅವಳಿಗೆ ಪ್ರೀತಿ ಒಂದು ಗುಲಗಂಜಿ ಹೆಚ್ಚೇ. ಯಾರೂ ಇದನ್ನು ತಪ್ಪೆಂದು ಎಣಿಸಿದವರಲ್ಲ, ಅವಳಂತೂ ಎಣಿಸಿಯೇ ಇರಲಿಲ್ಲ.

ರೇಣವ್ವ ಸಿಕ್ಕಿದ್ದೂ ಹಾಗೆಯೇ. ಹನ್ನೆರಡು ವರ್ಷದ ಹಿಂದೆ, ಗಂಡ ತೀರಿಕೊಂಡ ಮೇಲೆ ಜೈನಾಪುರದಿಂದ ಕೆಲಸ ಹುಡುಕಿಕೊಂಡು ಬಂದವಳು ಮೂರನೆಯ ದಿನವೇ ಟೈಫಾಯಿಡ್ ಹಿಡಿದು ಮಲಗಿದಳು. ಸೌಭಾಗ್ಯ ಇಪ್ಪತ್ತು ದಿನ ಮಗಳಿಗಿಂತ ಹೆಚ್ಚು ನೋಡಿಕೊಂಡಳು. ಎದ್ದ ರೇಣವ್ವ ಒಲೆ ಹಿಡಿದು ಕೂತವಳು ಮತ್ತೆ ಅಲ್ಲಿಂದ ಏಳಲಿಲ್ಲ. ಅವಳು ಬಡಿದ ರೊಟ್ಟಿ ಎತ್ತಿ ಹಿಡಿದರೆ ಆಚೆಯ ದೀಪ ಕಾಣಬೇಕು, ಅಷ್ಟು ತೆಳು. ಖಾನಾವಳಿಗೆ ಹೆಸರು ಬಂದದ್ದು ಅರ್ಧ ಆ ರೊಟ್ಟಿಯಿಂದಲೇ ಎಂದು ಸೌಭಾಗ್ಯಳೇ ಒಪ್ಪುತ್ತಾಳೆ, ಮೂಡು ಚೆನ್ನಾಗಿದ್ದಾಗ.

ಈಗ ರೇಣವ್ವನಿಗೆ ನಲವತ್ತು. ತಿಕೋಟಾದ ಬಸ್ ನಿಲ್ದಾಣದ ಹತ್ತಿರ ಅವಳ ತಮ್ಮನದೊಂದು ಮಳಿಗೆ ಖಾಲಿಯಾಗಿದೆ. "ಅಕ್ಕಾ, ನಿಂದ ಒಂದು ಖಾನಾವಳಿ ಹಾಕು" ಎಂದು ಅವನ ಒತ್ತಾಯ. ದೀಪಾವಳಿಯ ಪಾಡ್ಯಕ್ಕೆ ಶುರು ಮಾಡುವುದೆಂದಾಗಿತ್ತು. ಎರಡು ದಿನ ಮುಂಚೆ ಸೌಭಾಗ್ಯಳಿಗೆ ತಲೆ ಸುತ್ತು ಬಂದು ಗೋಡೆ ಹಿಡಿದು ಕೂತುಬಿಟ್ಟಳು. ರೇಣವ್ವ ಹೋಗಲಿಲ್ಲ. ಸಂಕ್ರಾಂತಿಗೆ ಮತ್ತೆ ದಿನ ನೋಡಿದರು, ಆಗ ಮೊಣಕಾಲು ಹಿಡಿಯಿತು. ರೇಣವ್ವ ಆಗಲೂ ಹೋಗಲಿಲ್ಲ. ಈಗ ಯುಗಾದಿಯ ನಂತರದ ಮೊದಲ ಸೋಮವಾರ ಎಂದು ಮೂರನೆಯ ಸಲ ದಿನ ಗೊತ್ತಾಗಿದೆ. "ಈ ಸಲ ಆಗಲಿಲ್ಲಂದ್ರ ಮಳಿಗಿ ಮೊಬೈಲ್ ಅಂಗಡಿಯಂವಗ ಕೊಡತೇನಿ" ಎಂದು ತಮ್ಮ ಕಡ್ಡಿ ಮುರಿದ ಹಾಗೆ ಹೇಳಿದ್ದಾನೆ. ಸೋಮವಾರ ಹತ್ತಿರ ಬಂದ ಹಾಗೆ ಸೌಭಾಗ್ಯಳ ಮೊಣಕಾಲು ಮತ್ತಷ್ಟು ಬಿಗಿಯಿತು. ಶುಕ್ರವಾರ ಅವಳು ಒಂದು ಕೋಲು ತರಿಸಿಕೊಂಡಳು.

ಶನಿವಾರ ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಮಗಳು ಗೀತಾಂಜಲಿ ಬಂದಳು. ಅವಳು ಊರಿನದೇ ಒಂದು ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಾಳೆ. ಮುತ್ತಜ್ಜಿಯ ಹಳೆಯ ಖಟ್ಲೆಯ ಕಾಗದ ಹುಡುಕುತ್ತೇನೆಂದು ಒಂದು ವರ್ಷದಿಂದ ಕಚೇರಿ ಕಚೇರಿ ಅಲೆಯುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಸೌಭಾಗ್ಯ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದಳು. ರೇಣವ್ವ ಪಕ್ಕದಲ್ಲಿ ಕೂತು ಬಿಸಿ ಮಾಡಿದ ಔಡಲೆಣ್ಣೆ ಹಚ್ಚಿ ಮೊಣಕಾಲು ನೀವುತ್ತಿದ್ದಳು.

"ಬೇ ಯವ್ವಾ, ಸಿಕ್ತು" ಎಂದಳು ಗೀತಾಂಜಲಿ, ಝೆರಾಕ್ಸ್ ಹಾಳೆಗಳ ಕಟ್ಟು ತೆಗೆಯುತ್ತ. "ಗುರುಸಿದ್ದವ್ವಜ್ಜಿ ಕೋರ್ಟಿನಾಗ ಕೊಟ್ಟ ಹೇಳಿಕಿ. ಅಕಿ ಬಾಯಿಂದ ಬಂದಿದ್ದು ಬರಕೊಂಡಾರ, ಕೆಳಗ ಅಕಿ ಹೆಬ್ಬಟ್ಟು ಐತಿ."

ಸೌಭಾಗ್ಯ ಪಕ್ಕಕ್ಕೆ ನೋಡಿದಳು. ಹನ್ನೆರಡು ವರ್ಷದಲ್ಲಿ ರೇಣವ್ವನ ಮುಂದೆ ಈ ವಿಷಯ ಬಾಯಿ ಬಿಟ್ಟಿರಲಿಲ್ಲ. ಮಗಳಿಗೆ ಕಣ್ಣು ಸನ್ನೆ ಮಾಡಿದಳು.

"ನನಗ ಗೊತ್ತೈತ್ರಿ ಅವ್ವಾರ" ಎಂದಳು ರೇಣವ್ವ, ತಲೆ ಎತ್ತದೆ. "ನಾ ಬಂದ ವರ್ಷನ ಮಾಲಕರು ಹೇಳ್ಯಾರ."

ಹೊರಗೆ ಗಲ್ಲಾದ ಹತ್ತಿರ ಚಂದ್ರಕಾಂತ ಕೆಮ್ಮಿದ.

"ಮೊದಲ ಒಂದು ಮಾತು ಕೇಳಬೇ" ಎಂದಳು ಗೀತಾಂಜಲಿ. "ಬಂಗಾರದ ಸಲವಾಗಿ ಕೊಂದಳು ಅನ್ನೂದು ಸುಳ್ಳು. ಸತ್ತವರ ಗಂಟು ಒಂದೂ ಬಿಚ್ಚಿಲ್ಲ. ಒಬ್ಬಾಂವನ ಕಿವಿಯೊಳಗಿನ ಬಂಗಾರದ ಮುರು ಸುದ್ದಾ ಹಂಗ ಇತ್ತಂತ. ಪಂಚನಾಮೆದಾಗ ಐತಿ."

"ಮತ್ತ ಯಾಕ ಕೊಂದಳ?" ಎಂದಳು ಸೌಭಾಗ್ಯ.

ಗೀತಾಂಜಲಿ ಓದತೊಡಗಿದಳು. ಅಕ್ಷರ ಹಳೆಯ ಕಾಲದ ಗುಮಾಸ್ತನದು, ಮಾತು ಮಾತ್ರ ಬಬಲೇಶ್ವರದ್ದೇ.

"'ದೊಡ್ಡ ಜ್ವರ ಬಂದ ವರ್ಷ ನನ್ನ ಗಂಡ ಹ್ವಾದ, ಎರಡು ಗಂಡಮಕ್ಕಳು ಹ್ವಾದುವು. ದುಂಡಿ ಒಬ್ಬಾಕಿ ಉಳದಳು. ನನಗ ಅಳಾಕ ಹೊತ್ತಿರಲಿಲ್ಲ. ಓಣಿ ತುಂಬ ಮಂದಿ ಮಲಗಿತ್ತು. ಎಲ್ಲಾರಿಗೂ ಗಂಜಿ ಹಾಕಿದೆ, ಹೇಲು ಉಚ್ಚಿ ಬಳದೆ. ಎಲ್ಲಾರೂ ಅವ್ವಾ ಅಂದ್ರು, ಕಾಲ ಹಿಡದ್ರು. ಜ್ವರ ಹೋತು. ಎದ್ದವರು ಎದ್ದು ತಮ್ಮ ತಮ್ಮ ಮನಿಗೆ ಹ್ವಾದರು. ನನ್ನ ಬಾಗಲಕ ಯಾರೂ ಬರಲಿಲ್ಲ. ನನ್ನ ಮನಿಯೊಳಗ ದುಂಡಿ ಬಿಟ್ಟು ಯಾರೂ ಇರಲಿಲ್ಲ.'"

ರೇಣವ್ವನ ಕೈ ನಿಧಾನವಾಯಿತು.

"'ಆಮ್ಯಾಲ ಖಾನಾವಳಿ ಹಾಕಿದೆ. ಗಾಡಿಯವರು ಬರತಿದ್ರು, ಉಣತಿದ್ರು, ಎದ್ದು ಹೋಗತಿದ್ರು. ಉಂಡು ಎದ್ದು ಹೋಗಾಂವಗ ನಾ ಯಾರು? ಮಲಗಿದ್ರ ಅವ್ವ ಆಗತೇನಿ. ಸಾಯಲಿ ಅಂತ ನಾ ಹಾಕಲಿಲ್ಲ. ಮಲಗಲಿ ಅಂತ ಹಾಕಿದೆ.'"

ಹಾಳೆ ಮಡಚುತ್ತ ಗೀತಾಂಜಲಿ ಹೇಳಿದಳು: "ಹಿಂಗ ಮಲಗಿದವರು ಇಪ್ಪತ್ಮೂರು ಮಂದಿ. ಆರು ಮಂದಿ ಸತ್ರು, ಹದಿನೇಳು ಮಂದಿ ಎದ್ರು. ಆ ಹದಿನೇಳು ಮಂದಿಯೊಳಗ ಎಷ್ಟೋ ಮಂದಿ ಕೋರ್ಟಿಗೆ ಬಂದು ಅಕಿ ಪರವಾಗಿ ಸಾಕ್ಷಿ ಹೇಳ್ಯಾರ. ಹಗಲು ರಾತ್ರಿ ತಲಿ ಒತ್ತಿ ಜೀವಾ ಉಳಿಸಿದಾಕಿ, ಇಂಥಾ ಅವ್ವ ವಿಷಾ ಹಾಕತಾಳೇನು ಅಂತ ಅತ್ತಾರ."

"ಪಾಪ ಅನಸ್ತೈತಿ" ಎಂದಳು ರೇಣವ್ವ.

"ನನಗೂ ಅನಸ್ತು. ಆದ್ರ ಆ ಆರು ಮಂದಿಗೂ ಮನಿ ಇತ್ತಲ್ಲ ರೇಣಕ್ಕಾ. ಇವತ್ತ ಬರತಾನು, ನಾಳೆ ಬರತಾನು ಅಂತ ಅವರ ಮನ್ಯಾಗೂ ಒಬ್ಬಾಕಿ ಅವ್ವ ರೊಟ್ಟಿ ಮುಚ್ಚಿಟಗೊಂಡು ಕಾಯತಿದ್ಲು."

ಸೌಭಾಗ್ಯ ಮೆಲ್ಲಗೆ ಕೇಳಿದಳು: "ತಾ ಯಾಕ ಹಿಂಗ ಮಾಡಾಕತ್ತೇನಿ ಅಂತ ಅಕಿಗೆ ಗೊತ್ತಿತ್ತೇನು?"

"ಮೊದಮೊದಲ ಗೊತ್ತಿರಲಿಕ್ಕಿಲ್ಲಬೇ. ಆಮ್ಯಾಲ ಗೊತ್ತಾಗಿರತೈತಿ. ಗೊತ್ತಾದ ಮ್ಯಾಲೂ ಬಿಡಲಿಲ್ಲಲ್ಲ, ಅಲ್ಲೇ ಅಕಿ ಕೆಟ್ಟಳು."

ಸೌಭಾಗ್ಯ ತನ್ನ ಕಾಲು ಎಳೆದುಕೊಂಡಳು. ಎಷ್ಟು ಚುರುಕಾಗಿ ಎಳೆದುಕೊಂಡಳೆಂದರೆ ಎಣ್ಣೆಯ ಬಟ್ಟಲು ಅಲ್ಲಾಡಿತು.

"ಸಾಕ ಬಿಡ ರೇಣಿ."

"ನೋವು ಕಡಿಮಿ ಆತೇನ್ರಿ?"

"ಹೂಂ" ಎಂದು ಗೋಡೆಗೆ ಮುಖ ತಿರುಗಿಸಿದಳು.

ಮಗಳು ಹೋದ ಮೇಲೆ ಅವಳು ಅಲ್ಲೇ ಮಲಗಿ ಲೆಕ್ಕ ಹಾಕಿದಳು. ದೀಪಾವಳಿಯ ತಲೆಸುತ್ತು ಬೇಕೆಂದೇ ಬರಿಸಿಕೊಂಡದ್ದಲ್ಲ. ಅವತ್ತು ನಿಜವಾಗಿಯೂ ಕಣ್ಣಿಗೆ ಕತ್ತಲೆ ಬಂದಿತ್ತು, ಒಂದು ನಿಮಿಷ. ಆ ಒಂದು ನಿಮಿಷವನ್ನು ಎಂಟು ದಿನ ಎಳೆದದ್ದು ಮಾತ್ರ ತಾನೇ. ಮೊಣಕಾಲೂ ಅಷ್ಟೆ, ಹೊಸ್ತಿಲಿಗೆ ತಾಗಿ ಎರಡು ದಿನ ನೋವಿತ್ತು. ಮೂರನೆಯ ದಿನ ನೋವು ಹೋಯಿತು, ಕುಂಟು ಉಳಿಯಿತು. ರೇಣವ್ವ ಎಣ್ಣೆ ಕಾಯಿಸಿಕೊಂಡು ಬಂದು, "ನಿಮ್ಮನ್ನ ಹಿಂಗ ಬಿಟ್ಟು ಹೆಂಗ ಹೋಗಲ್ರಿ ಅವ್ವಾರ" ಎಂದಾಗ ಹೊಟ್ಟೆಯಲ್ಲಿ ಹಾಲು ಹುಯ್ದ ಹಾಗಾಗುತ್ತಿತ್ತಲ್ಲ, ಅದರ ರುಚಿ ಹತ್ತಿತ್ತು. ಮುತ್ತಜ್ಜಿ ಎದ್ದು ಹೋಗುವವರನ್ನು ಮಲಗಿಸಿದಳು. ತಾನೋ, ತಾನೇ ಮಲಗಿ ಎದ್ದು ಹೋಗುವವಳನ್ನು ಹಿಡಿದಿಟ್ಟಿದ್ದಳು. ವಿಷ ಹಾಕಿಲ್ಲ, ನಿಜ. ಆದರೆ ಸೋಮವಾರ ರೇಣವ್ವ ಹೋಗದಿದ್ದರೆ ಆ ಮಳಿಗೆ ಹೋಗುತ್ತದೆ, ಅವಳ ಬದುಕು ಈ ಒಲೆಯ ಮುಂದೆಯೇ ಮುಗಿಯುತ್ತದೆ. ಸೌಭಾಗ್ಯಳಿಗೆ ನಾಚಿಕೆಯಾಯಿತು. ಕೋಲನ್ನು ಮಂಚದ ಕೆಳಗೆ ಕಾಲಿನಿಂದ ತಳ್ಳಿದಳು.

ಭಾನುವಾರ ಹನ್ನೊಂದಕ್ಕೆ ಎಂದಿನಂತೆ ತಾಟು ಹಿಡಿದು ಬಂದು ಕುರ್ಚಿಯಲ್ಲಿ ಕೂತಳು. ಮೊದಲ ತುತ್ತು ಕೈಯಲ್ಲೇ ಉಳಿಯಿತು. ಎಂಬತ್ತು ವರ್ಷ ಈ ಮನೆಯ ಹೆಂಗಸರು ಬಾಯಿ ಕಾದರು, ಬಂಗಾರ ಕಾದರು. ಅವ್ವ ಎನ್ನಿಸಿಕೊಳ್ಳುವ ಯಾವ ಆಸೆಯ ಮೇಲೆ ಕಣ್ಣಿಡಬೇಕಿತ್ತೋ ಅದನ್ನು ಬಾಗಿಲು ತೆರೆದು ಒಳಗೆ ಕರೆದು, ದಿನಕ್ಕೆ ನೂರು ಸಲ "ಓ" ಎಂದಿದ್ದರು.

"ಅವ್ವಾ, ಲಗೂನ ತಿನ್ನಬೇ, ಹಸದು ಸಾಯಾಕತ್ತೇವಿ" ಎಂದ ಹಾಸ್ಟೆಲಿನ ಹುಡುಗನೊಬ್ಬ.

ಸೌಭಾಗ್ಯ ತಿಂದಳು, ನೀರು ಕುಡಿದಳು, "ಕೂಡ್ರಿ" ಎಂದಳು. ಎದ್ದು ಕುಂಟದೆ ನೇರವಾಗಿ ಅಡುಗೆಮನೆಗೆ ನಡೆದಳು. ರೇಣವ್ವ ಬಡಿಯುತ್ತಿದ್ದ ರೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ.

"ರೇಣಿ, ನನ್ನ ಮೊಣಕಾಲಿಗೆ ಏನೂ ಆಗಿಲ್ಲ."

"ಗೊತ್ತೈತ್ರಿ."

"ಏನು ಗೊತ್ತೈತಿ?" ಎಂದಳು ಸೌಭಾಗ್ಯ.

"ಸಂಕ್ರಾಂತಿಯಿಂದ ತಿಕ್ಕಾಕತ್ತೇನ್ರಿ ಆ ಮೊಣಕಾಲು. ಬಾವಿಲ್ಲ, ಬಿಸಿ ಇಲ್ಲ. ನಾ ಸಂತಿಗೆ ಹೋಗಿ ಬರೂದರೊಳಗ ಅಟ್ಟದ ಮ್ಯಾಲಿನ ಹಪ್ಪಳದ ಡಬ್ಬಿ ಕೆಳಗ ಇಳದಿರತೈತಿ. ಮಾಲಕರಂತೂ ನಿಚ್ಚಣಿಕಿ ಹತ್ತೂದಿಲ್ಲ."

"ಗೊತ್ತಿದ್ದೂ ಯಾಕ ತಿಕ್ಕಿದೆಬೇ ಹುಚ್ಚಿ? ಯಾಕ ಹೋಗಲಿಲ್ಲ?"

ರೇಣವ್ವ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು. "ನನಗೂ ಅಂಜಿಕಿ ಇತ್ರಿ ಅವ್ವಾರ. ಖಾನಾವಳಿ ಹಾಕಿ ಯಾರೂ ಬರಲಿಲ್ಲಂದ್ರ? ನಾಲ್ಕ ಮಂದಿ ನಕ್ಕರ? ಅವ್ವಾರಿಗೆ ಆರಾಮಿಲ್ಲ ಅಂದ್ರ ನನ್ನ ತಮ್ಮನೂ ಸುಮ್ಮಾಗತಿದ್ದ, ನಾನೂ ಸುಮ್ಮಾಗತಿದ್ದೆ. ನಿಮ್ಮ ಮೊಣಕಾಲು ನನಗೂ ಚಲೋ ನೆವ ಆಗಿತ್ತು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಸೌಭಾಗ್ಯಳಿಗೆ ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡರೂ ಮತ್ತೆ ಬಂತು.

"ನೀ ಹೋಗಬೇಕ ರೇಣಿ. ನಾಳೆ ನನಗ ಏನರ ಆದ್ರೂ ನೀ ತಿರುಗಿ ನೋಡಬಾರದು. ನಾ ಸತ್ತೇನಿ ಅಂತ ಫೋನ್ ಬಂದ್ರೂ ಊಟಕ್ಕ ಕೂತವರಿಗೆ ನೀಡಿ ಮುಗಿಸೇ ಬಾ."

"ಛೇ, ಬಿಡತು ಅನ್ರಿ."

"ಏ ಸೌಭಾಗ್ಯಾ!" ಹೊರಗಿನಿಂದ ಚಂದ್ರಕಾಂತ ಕೂಗಿದ. "ರೊಟ್ಟಿ ಹೊತ್ತಿದ ವಾಸನಿ ಇಲ್ಲೀತನಾ ಬರಾಕತ್ತೈತಿ!"

ಹನ್ನೆರಡು ವರ್ಷದಲ್ಲಿ ರೇಣವ್ವ ಹೊತ್ತಿಸಿದ ಮೊದಲ ರೊಟ್ಟಿ ಅದು. ಅದನ್ನು ಸೌಭಾಗ್ಯಳೇ ತಿಂದಳು.

ಸೋಮವಾರ ಸೊಲ್ಲಾಪುರ ರಸ್ತೆಯ ಖಾನಾವಳಿಗೆ ಬೀಗ ಬಿತ್ತು. "ಇವತ್ತಿನ ಊಟ ತಿಕೋಟಾದಲ್ಲಿ" ಎಂದು ಚಂದ್ರಕಾಂತ ರಟ್ಟಿನ ಮೇಲೆ ಬರೆದು ಬಾಗಿಲಿಗೆ ತೂಗುಹಾಕಿದ. ತಾನು ಹುಟ್ಟಿದ ಮೇಲೆ ಅಪ್ಪ ಬರೆದ ಒಂದೇ ನಿಜ ಇದು ಎಂದು ಮಗಳು ಛೇಡಿಸಿದಳು. ಮೂವರೂ ಹತ್ತು ಗಂಟೆಯ ಬಸ್ಸಿಗೆ ಹೊರಟರು. ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳು. ಸೌಭಾಗ್ಯ ಕಿಟಕಿಯ ಪಕ್ಕ ಕೂತು, ಎಷ್ಟು ವರ್ಷವಾಯಿತು ಈ ಹೊತ್ತಿನಲ್ಲಿ ಬಿಸಿಲು ನೋಡಿ ಎಂದುಕೊಂಡಳು. ಮನಸ್ಸು ಹಗುರವಾಗಿತ್ತು.

ತಿಕೋಟಾದ ಮಳಿಗೆ ಸಣ್ಣದು. ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ರೇಣವ್ವನ ತಮ್ಮ ಬಾಗಿಲಿಗೆ ಮಾವಿನ ಎಲೆ ಕಟ್ಟಿದ್ದ. ಒಳಗೆ ಬಸ್ಸಿನ ಕಂಡಕ್ಟರ್ ಒಬ್ಬ, ದ್ರಾಕ್ಷಿ ತೋಟದ ಕೆಲಸಗಾರರು ಐದಾರು ಮಂದಿ ಸಾಲಾಗಿ ಕೂತಿದ್ದರು. ಅವರ ತುದಿಗೆ ಸೌಭಾಗ್ಯಳಿಗೆ ಒಂದು ಮಣೆ. ಅವಳು ಕಾಲು ಮಡಚಿ ಸಲೀಸಾಗಿ ಕೂತಳು. ಗೀತಾಂಜಲಿ ತಂದೆಯ ಪಕ್ಕೆ ತಿವಿದಳು.

"ಎಣ್ಣಿ ಗುಣಾ" ಎಂದ ಚಂದ್ರಕಾಂತ.

ರೇಣವ್ವ ಒಳಗೆ ಕಿವಿಯ ಬೆಂಡೋಲೆ ಬಿಚ್ಚಿ ಡಬ್ಬಿಗೆ ಹಾಕಿದ್ದು ಸೌಭಾಗ್ಯಳಿಗೆ ಕಂಡಿತು. ಎಲ್ಲರ ಮುಂದೆ ತಾಟು ಬಂತು. ಮೂವತ್ತು ವರ್ಷದ ರೂಢಿ, ಸೌಭಾಗ್ಯಳ ಕೈ ತಾನಾಗಿಯೇ ರೊಟ್ಟಿ ಮುರಿಯಿತು. ರೇಣವ್ವ ಬಗ್ಗಿ ಅವಳ ಮುಂಗೈ ಹಿಡಿದಳು.

"ಅವ್ವಾರ, ಇಲ್ಲೆ ಮೊದಲ ತುತ್ತು ನಂದ್ರಿ."

ಹಿಡಿದ ಕೈ ಬಿಟ್ಟು ರೇಣವ್ವ ಬಾಗಿಲಿಗೆ ಎದುರಾಗಿ ಕೂತಳು. ತನ್ನ ತಾಟಿನ ಎಣ್ಣೆಗಾಯಿಯಲ್ಲಿ ರೊಟ್ಟಿ ಅದ್ದಿದಳು. ಅವಸರವಿಲ್ಲದೆ ಅಗಿದಳು. ಅರ್ಧ ನಿಮಿಷವಿರಬಹುದು. ಬಿಸಿ ಊಟ ಮುಂದಿಟ್ಟುಕೊಂಡು ಸುಮ್ಮನೆ ಕೂತ ಸೌಭಾಗ್ಯಳಿಗೆ ಹೊಟ್ಟೆ ಚುರುಗುಟ್ಟಿತು. ಇನ್ನೊಬ್ಬರ ಕೈಯಡುಗೆಯ ಮುಂದೆ ಹೀಗೆ ಕಾದು ಕೂಡುವುದು ಅವಳಿಗೆ ಹೊಸದು. ಆ ಗಾಡಿಯವರೂ ಹೀಗೇ ಕೂತಿದ್ದರು, ಹಸಿದು, ನಂಬಿಕೊಂಡು. ಇಷ್ಟು ವರ್ಷ ಮುತ್ತಜ್ಜಿಯದೇ ಯೋಚನೆ ಮಾಡಿದವಳಿಗೆ ಆ ಇಪ್ಪತ್ಮೂರು ಮಂದಿ ಮೊದಲ ಸಲ ನೆನಪಾದರು. ಅವರಿಗಾಗಿ ಎದೆ ನೊಂದಿತು.

ರೇಣವ್ವ ನೀರು ಕುಡಿದಳು. "ಉಣ್ರಿ" ಎಂದಳು.

ಸೌಭಾಗ್ಯ ಉಂಡಳು. ರೊಟ್ಟಿ ಎಂದಿನಂತೆ ತೆಳು. ಎಣ್ಣೆಗಾಯಿಗೆ ಉಪ್ಪು ಒಂದು ಚಿಟಿಕೆ ಕಡಿಮೆಯಾಗಿತ್ತು.

"ಅವ್ವಾ, ಇನ್ನೊಂದು ರೊಟ್ಟಿ!" ಎಂದು ಕೂಗಿದ ಕಂಡಕ್ಟರ್.

ಸೌಭಾಗ್ಯಳ ಬಾಯಿ "ಓ" ಎನ್ನಲು ತೆರೆದೇ ಬಿಟ್ಟಿತ್ತು. ಅಷ್ಟರಲ್ಲಿ ರೇಣವ್ವ "ಬಂದೆ ತಮ್ಮಾ, ರೇಣಕ್ಕ ಅನ್ನು ಸಾಕು" ಎಂದು ಬುಟ್ಟಿ ಹಿಡಿದು ಹೋದಳು. ಸೌಭಾಗ್ಯ ತೆರೆದ ಬಾಯಿಗೆ ರೊಟ್ಟಿ ಹಾಕಿಕೊಂಡಳು.

"ಹೆಂಗಾಗೇತ್ರಿ ಅವ್ವಾರ?" ರೇಣವ್ವ ತಿರುಗಿ ಬಂದು ಕೇಳಿದಳು. "ಏನರ ಕಡಿಮಿ ಬಿದ್ದೈತೇನ್ರಿ? ನೀವು ಬಂದು ಒಗ್ಗರಣಿ ನೋಡತೀರೇನು?"

ಉಪ್ಪಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎದ್ದು ಒಳಗೆ ಹೋಗಿ ಸವಟು ಹಿಡಿದರೆ ರೇಣವ್ವ ಬೇಡವೆನ್ನುತ್ತಿರಲಿಲ್ಲ. ಸಂಜೆಯವರೆಗೆ ಇರಬಹುದಿತ್ತು, ನಾಳೆಯೂ ಬರಬಹುದಿತ್ತು.

"ಚಲೋ ಆಗೇತಿ" ಎಂದಳು ಸೌಭಾಗ್ಯ. "ಏನೂ ಕಡಿಮಿ ಇಲ್ಲ."

ತಾಟು ಖಾಲಿ ಮಾಡಿದಳು. ಎದ್ದು ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. "ಬರತೇನಿ ರೇಣಿ" ಎಂದು ಬಾಗಿಲಿನಿಂದಲೇ ಕೂಗಿ, ಉಂಡು ಹೋಗುವ ಎಲ್ಲ ಗಿರಾಕಿಗಳ ಹಾಗೆ ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣದ ಕಡೆಗೆ ನಡೆದಳು.